ಆ ರಾತ್ರಿ ಫೋನ್ ಎತ್ತಿದ ಅಕ್ಕನಿಗೆ

ಅಕ್ಕ, ಅಳಿಲು ಮರಿಗಳ ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳುವುದು ಹೊಳೆಯಲೇ ಇಲ್ಲ. ನಿಮಗೆ ದೊಡ್ಡ ಥ್ಯಾಂಕ್ಸ್ ಬಾಕಿ ಇದೆ.

ಪಕ್ಕದ ಸೈಟಿನವರು ತೆಂಗಿನಮರ ಕಡಿಸಿದಾಗ ಗೂಡು ಸಮೇತ ಬಿದ್ದಿದ್ದವು. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಮನೆಯಲ್ಲಿ ಎಲ್ಲರೂ "ಹಸುವಿನ ಹಾಲು ಕುಡಿಸು" ಎನ್ನುವವರೇ. ನೀವು ಮಾತ್ರ, "ಹಾಲಿನ ಮಾತು ಆಮೇಲೆ. ಮೈ ಮುಟ್ಟಿ ನೋಡಿ, ತಣ್ಣಗಿದೆಯಾ?" ಅಂದಿರಿ. ಮೈ ತಣ್ಣಗಿರುವ ಮರಿಗೆ ಏನು ಕೊಟ್ಟರೂ ಅರಗುವುದಿಲ್ಲವಂತೆ. ಹಸುವಿನ ಹಾಲಿಗಂತೂ ಭೇದಿ ಹಿಡಿಯುತ್ತದಂತೆ. ಬಿಸಿನೀರಿನ ಬಾಟಲಿಗೆ ಹಳೇ ಪಂಚೆ ಸುತ್ತಿ ಪಕ್ಕದಲ್ಲಿಡಿಸಿದಿರಿ.

ಬೆಳಿಗ್ಗೆ ಡಬ್ಬಿಯನ್ನು ಮರ ಇದ್ದ ಜಾಗದಲ್ಲೇ ಇಟ್ಟು ದೂರ ನಿಲ್ಲಿ, ತಾಯಿ ಬಂದು ಕಚ್ಚಿಕೊಂಡು ಹೋದರೂ ಹೋಗಬಹುದು ಅಂದಿರಿ. ಮನುಷ್ಯರು ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಅನ್ನುವುದು ಸುಮ್ನೆ ಮಾತಂತೆ. ಕಾದೆವು. ಬರಲಿಲ್ಲ.

ಆಮೇಲೆ ನೀವು ವಿಡಿಯೋ ಕಾಲ್‌ನಲ್ಲಿ ಕೈಹಿಡಿದು ಕಲಿಸಿದ್ದು ಮರೆಯುವುದಿಲ್ಲ. ಸೂಜಿ ಇಲ್ಲದ 1 ಎಂ.ಎಲ್. ಸಿರಿಂಜ್. ಮರಿಯನ್ನು ಅಂಗಾತ ಮಲಗಿಸಬಾರದು, ತಲೆ ಮೇಲಿರಬೇಕು. ಒಂದೊಂದೇ ಹನಿ. ಮೂಗಲ್ಲಿ ಗುಳ್ಳೆ ಬಂದರೆ ತಕ್ಷಣ ನಿಲ್ಲಿಸಬೇಕು, ಶ್ವಾಸಕೋಶಕ್ಕೆ ಹೋದರೆ ಕಷ್ಟ. ಒದ್ದೆ ಹತ್ತಿಯಲ್ಲಿ ಸವರಿದರೆ ಮಾತ್ರ ಉಚ್ಚೆ ಹೊಯ್ಯುತ್ತವೆ ಅಂದಾಗ ನಮ್ಮ ಯಜಮಾನರ ಮುಖ ನೋಡಬೇಕಿತ್ತು!

ಸಾಕಿಕೊಳ್ಳುವ ಆಸೆ ಮಗಳಿಗಿತ್ತು. ಬೆಕ್ಕಿಗೂ ಹೆದರದ ಅಳಿಲು ಹೊರಗೆ ಬದುಕುತ್ತಾ ಅಂತ ನೀವು ಕೇಳಿದ್ದಕ್ಕೆ ಸುಮ್ಮನಾದಳು. ವನ್ಯಜೀವಿ ಆರೈಕೆ ಕೇಂದ್ರಕ್ಕೆ ನಾವೇ ಕೊಟ್ಟು ಬಂದೆವು.

ಮನೆ ಹಿತ್ತಲಿನ ಹಲಸು ಈ ಸಲ ಚೆನ್ನಾಗಿ ಬಿಟ್ಟಿದೆ. ವಿಳಾಸ ಹೇಳಿ ಅಕ್ಕ, ಕಳಿಸುತ್ತೇನೆ.