ವಿ8 ಹಾಕಿದ ಎಂಜಿಬಿ ಕೊಳ್ಳುವ ಮುನ್ನ: ಮಗಳಿಗೊಂದು ಪತ್ರ

ದಾವಣಗೆರೆ

ಚಿರಂಜೀವಿ ಚೈತ್ರಾಳಿಗೆ ನಿನ್ನ ತಾಯಿ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ.

ನೀನು ಬರ್ಮಿಂಗ್‌ಹ್ಯಾಮಿನಿಂದ ಕಳುಹಿಸಿದ ಕಾರಿನ ಫೋಟೋಗಳನ್ನೂ ಮಾರುವವರು ಬರೆದ ವಿವರವನ್ನೂ ನಾನು ಮತ್ತು ನಿನ್ನ ಮಾವ ಇಬ್ಬರೂ ಕೂತು ನಿಧಾನವಾಗಿ ನೋಡಿದೆವು. 1972ರ ಎಂಜಿಬಿ, ಅಂದರೆ ಎಂಜಿ ಎಂಬ ಬ್ರಿಟಿಷ್ ಕಂಪನಿಯ ಬಟ್ಟೆಯ ಟಾಪಿನ ಎರಡು ಸೀಟಿನ ಗಾಡಿ. ಮೂಲ ಎಂಜಿನ್ ಇಳಿಸಿ ರೋವರ್ ಕಂಪನಿಯ 3.5 ಲೀಟರಿನ, ಎಂಟು ಸಿಲಿಂಡರಿನ ವಿ8 ಎಂಜಿನ್ ಕೂರಿಸಿದ್ದಾರೆ, ಐದು ಗೇರಿನ ಬಾಕ್ಸ್ ಹಾಕಿದ್ದಾರೆ, ಸಸ್ಪೆನ್ಷನ್ ತಗ್ಗಿಸಿದ್ದಾರೆ, ಹೊಸದಾಗಿ ಕೆಂಪು ಬಣ್ಣ ಹೊಡೆಸಿದ್ದಾರೆ. ತೆಗೆದುಕೊಳ್ಳಲೋ ಬೇಡವೋ ಎಂದು ಕೇಳಿದ್ದೀಯ. ಬೇಡ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು, ಆದರೆ ಚಿಕ್ಕಂದಿನಿಂದ ಮಾವನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ ಬೆಳೆದವಳಿಗೆ ಅದು ಉತ್ತರವಾಗುವುದಿಲ್ಲ.

ಮಾರ್ಪಾಡಾದ ಗಾಡಿಯನ್ನು ಕೊಳ್ಳುವವರು ಗಾಡಿಯ ಜೊತೆಗೆ ಅದನ್ನು ಬಿಚ್ಚಿ ಮತ್ತೆ ಕಟ್ಟಿದವರ ತೀರ್ಮಾನಗಳನ್ನೂ ಕೊಳ್ಳುತ್ತಾರೆ. ಕಾರ್ಖಾನೆಯಲ್ಲಿ ತಯಾರಾದದ್ದಕ್ಕೆ ಪುಸ್ತಕವಿದೆ, ಬಿಡಿಭಾಗದ ನಂಬರಿದೆ, ಯಾವ ಬೋಲ್ಟನ್ನು ಎಷ್ಟು ಬಿಗಿಯಬೇಕೆಂಬ ಲೆಕ್ಕವಿದೆ. ಯಾರದೋ ಶೆಡ್ಡಿನಲ್ಲಿ ಆದ ಬದಲಾವಣೆಗೆ ಬಿಲ್ಲು ಮತ್ತು ಫೋಟೋ ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ಹೀಗಾಗಿ ಗಾಡಿ ಓಡಿಸಿ ನೋಡುವುದಕ್ಕೆ ಮೊದಲೇ ಅದರ ಫೈಲು ಕೇಳು: ಯಾವ ವರ್ಷ, ಯಾರು, ಏನು ಬದಲಿಸಿದರು, ಯಾಕೆ ಬದಲಿಸಿದರು. ನೀನು ಕಳುಹಿಸಿದ ವಿವರದಲ್ಲಿ ಎಂಜಿನ್ನಿನ ಶಕ್ತಿಯ ವರ್ಣನೆ ಒಂದು ಪುಟ ತುಂಬಿದೆ, ಬ್ರೇಕಿನ ಬಗ್ಗೆ ಒಂದು ಸಾಲೂ ಇಲ್ಲ. ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಅದೇ.

ವಿ8 ಹಾಕಿದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ರೋವರಿನ ಆ ಎಂಜಿನ್ ಅಲ್ಯೂಮಿನಿಯಮ್ಮಿನದು. ಎಂಜಿಬಿಯ ಬೀಡುಕಬ್ಬಿಣದ ನಾಲ್ಕು ಸಿಲಿಂಡರಿನ ಎಂಜಿನ್ನಿಗಿಂತ ತೂಕದಲ್ಲಿ ಹೆಚ್ಚೇನಲ್ಲ. 1973ರಿಂದ 1976ರವರೆಗೆ ಕಂಪನಿಯೇ ಅದನ್ನು ಹಾಕಿ ಎಂಜಿಬಿ ಜಿಟಿ ವಿ8 ಎಂದು ಎರಡೂವರೆ ಸಾವಿರಕ್ಕೂ ಹೆಚ್ಚು ಗಾಡಿಗಳನ್ನು ಮಾಡಿತ್ತು. ಆದರೆ ಅವೆಲ್ಲವೂ ಗಟ್ಟಿ ಛಾವಣಿಯ ಗಾಡಿಗಳು. ನೀನು ನೋಡಿರುವ ತೆರೆದ ಗಾಡಿಗೆ ಆ ಕಾಲದಲ್ಲಿ ಕಂಪನಿ ವಿ8 ಹಾಕಿ ಮಾರಲಿಲ್ಲ. 95 ಅಶ್ವಶಕ್ತಿಗೆಂದು ಮಾಡಿದ ಬಾಡಿಯಲ್ಲಿ ಅದಕ್ಕಿಂತ ಬಹಳ ಹೆಚ್ಚಿನ ಶಕ್ತಿ ಕೂತಾಗ ಮುಂದಿನ ಡಿಸ್ಕ್ ಬ್ರೇಕು, ಹಿಂದಿನ ಆಕ್ಸಲ್, ರೇಡಿಯೇಟರ್ ಇವೆಲ್ಲವೂ ಜೊತೆಗೇ ಬದಲಾಗಿವೆಯೇ ಎಂದು ನೋಡಬೇಕು. ಬಾನೆಟ್ಟಿನ ಕೆಳಗೆ ಜಾಗ ಬಹಳ ಇಕ್ಕಟ್ಟು, ಸೈಲೆನ್ಸರಿಗೆ ಹೋಗುವ ಬಿಸಿ ಪೈಪು ಸ್ಟೀರಿಂಗಿನ ರಾಡಿಗೆ ಎಷ್ಟು ಹತ್ತಿರ ಹಾದುಹೋಗಿದೆ ಎಂಬುದನ್ನು ಟಾರ್ಚ್ ಹಾಕಿ ನೋಡಬೇಕೆಂದು ಮಾವ ಎರಡು ಸಲ ಒತ್ತಿ ಹೇಳಿದ್ದಾರೆ. ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಓಡಿಸಿ ಬಿಸಿಯ ಮುಳ್ಳು ಎಲ್ಲಿ ನಿಲ್ಲುತ್ತದೆಂದೂ ಗಮನಿಸು.

ಇಷ್ಟಾದರೂ ಎಂಜಿನ್ ಎರಡನೆಯ ಮಾತು. ಮೊದಲನೆಯದು ತುಕ್ಕು. ನಮ್ಮ ಕಡೆಯ ಒಣ ಹವೆಯಲ್ಲಿ ಗಾಡಿಗಳನ್ನು ನೋಡಿದ ಕಣ್ಣಿಗೆ ಇಂಗ್ಲೆಂಡಿನ ತುಕ್ಕು ಅರ್ಥವಾಗುವುದು ಕಷ್ಟ; ಅಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ಆ ಉಪ್ಪು ನೀರು ಕೆಳಗಿನಿಂದ ಹತ್ತಿ ಒಳಗೊಳಗೇ ತಿನ್ನುತ್ತದೆ. ಎಂಜಿಬಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಅದರಲ್ಲೂ ತೆರೆದ ಗಾಡಿಯಲ್ಲಿ ಭಾರ ಹೊರಲು ಮೇಲೆ ಛಾವಣಿಯ ಆಸರೆಯಿಲ್ಲದ್ದರಿಂದ, ಬಾಗಿಲಿನ ಕೆಳಗೆ ಉದ್ದಕ್ಕೂ ಹೋಗುವ ಸಿಲ್ ಎಂಬ ಪೆಟ್ಟಿಗೆಯಂಥ ಭಾಗವೇ ಗಾಡಿಯ ಬೆನ್ನೆಲುಬು. ಹೊರಗಿನ ತಗಡಿಗೆ ಪುಟ್ಟಿ ತುಂಬಿ ಬಣ್ಣ ಹೊಡೆದರೆ ಒಳಗಿನದು ಹೋಗಿದ್ದರೂ ಕಾಣುವುದಿಲ್ಲ. ತೆಳು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಸಿಲ್ಲಿನ ಉದ್ದಕ್ಕೂ ನಿಧಾನವಾಗಿ ಎಳೆದು ನೋಡು; ಎಲ್ಲಿ ಅದು ಹಿಡಿತ ಬಿಟ್ಟು ಜಾರುತ್ತದೆಯೋ ಅಲ್ಲಿ ಪುಟ್ಟಿ ಇದೆ ಎಂದರ್ಥ. ಆಮೇಲೆ ಬಾಗಿಲು ಮುಚ್ಚಿ, ಅದರ ಹಿಂದಿನ ಅಂಚಿನ ಸಂದಿಯನ್ನು ಬೆರಳಿನಿಂದ ಅಳೆದುಕೊಂಡು, ಒಂದು ಬದಿಗೆ ಜಾಕ್ ಕೊಟ್ಟು ಎತ್ತಿಸು. ಚಕ್ರ ನೆಲ ಬಿಟ್ಟಾಗ ಆ ಸಂದಿ ಒಂದು ಕಡೆ ಕಿರಿದಾಗಿ ಇನ್ನೊಂದು ಕಡೆ ಅಗಲವಾದರೆ, ಅಥವಾ ಬಾಗಿಲು ತೆರೆಯುವುದಕ್ಕೇ ಬಿಗಿಯಾದರೆ, ಬೆನ್ನು ಬಾಗುತ್ತಿದೆ. ಅಂಥ ಗಾಡಿಗೆ ಎಷ್ಟು ಒಳ್ಳೆಯ ಎಂಜಿನ್ ಇದ್ದರೂ ನೀನು ಹಣ ಕೊಡಬಾರದು. ಹೊಸ ಬಣ್ಣ ಹೊಡೆಸುವ ಮುಂಚೆ ಟಿಂಕರಿಂಗ್ ನಡೆದಾಗಿನ ಫೋಟೋ ಇದ್ದರೆ ಕೇಳು. ಇಲ್ಲ ಎಂದರೆ ನನಗೆ ಆ ಕೆಂಪು ಬಣ್ಣದ ಮೇಲೆ ನಂಬಿಕೆಯಿಲ್ಲ.

ಇನ್ನು ಕಾಗದಪತ್ರ. ನಾನು ವಿಮಾ ಕಚೇರಿಯ ಮೋಟಾರು ಕ್ಲೇಮಿನ ಮೇಜಿನಲ್ಲಿದ್ದಾಗ ಒಬ್ಬ ಹತ್ತಿ ವ್ಯಾಪಾರಿಯ ಅಂಬಾಸಡರ್ ಹೆದ್ದಾರಿಯಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟುಹೋದ ಫೈಲು ಬಂದಿತ್ತು. ಆರ್‌ಸಿಯಲ್ಲಿ ಪೆಟ್ರೋಲ್ ಎಂದಿತ್ತು, ಸರ್ವೇಯರ್ ಹೋಗಿ ನೋಡಿದರೆ ಒಳಗೆ ಕೂತಿದ್ದದ್ದು ಡೀಸೆಲ್ ಎಂಜಿನ್. ಬದಲಾವಣೆ ಮಾಡಿಸಿದ್ದು ಹಿಂದಿನ ಮಾಲೀಕರು, ಇವರಿಗೆ ಅದು ಗೊತ್ತಿತ್ತು, ಬರೆಸಿರಲಿಲ್ಲ. ಅವರು ಪ್ರತಿ ಸಲ ಕಚೇರಿಗೆ ಬಂದು ಕಂತು ಕಟ್ಟಿದ ರಸೀದಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿಡುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಇಂಗ್ಲೆಂಡಿನಲ್ಲೂ ಮಾರ್ಪಾಡನ್ನು ಮುಚ್ಚಿಟ್ಟರೆ ವಿಮಾ ಕಂಪನಿ ಹಣ ಕಡಿತಗೊಳಿಸಬಹುದು, ಕೊಡದೆಯೂ ಇರಬಹುದು. ವಿ5ಸಿ ನೋಂದಣಿ ಪತ್ರದಲ್ಲಿ ಎಂಜಿನ್ನಿನ ಸಿಸಿ 1798 ಎಂದೇ ಉಳಿದಿದ್ದರೆ, 3528 ಎಂದು ಮಾರುವವರೇ ತಿದ್ದಿಸಿಕೊಡಲಿ. ಎಂಜಿನ್ ನಂಬರನ್ನು ನಿನ್ನ ಕಣ್ಣಾರೆ ಓದಿ ತಾಳೆ ನೋಡು. ಪಾಲಿಸಿ ಮಾಡಿಸುವಾಗ ಪ್ರತಿ ಬದಲಾವಣೆಯನ್ನೂ ಬರೆದುಕೊಟ್ಟು, ಒಪ್ಪಿತ ಮೌಲ್ಯದ ಪಾಲಿಸಿಯನ್ನೇ ಕೇಳು. ನಮ್ಮಲ್ಲೂ ಐದು ವರ್ಷ ದಾಟಿದ ಗಾಡಿಯ ಐಡಿವಿಯನ್ನು, ಅಂದರೆ ವಿಮೆಗೆ ಹಿಡಿಯುವ ಬೆಲೆಯನ್ನು, ಕಂಪನಿ ಮತ್ತು ಮಾಲೀಕರು ಮಾತಾಡಿಕೊಂಡೇ ನಿಗದಿ ಮಾಡುವುದು.

ನಲವತ್ತು ವರ್ಷ ದಾಟಿದ ಗಾಡಿಗೆ ಅಲ್ಲಿ ಎಂಒಟಿ ಎಂಬ, ಗಾಡಿ ರಸ್ತೆಗೆ ಯೋಗ್ಯವೇ ಎಂದು ನೋಡುವ ವಾರ್ಷಿಕ ಪರೀಕ್ಷೆ ಬೇಕಿಲ್ಲ ಎಂದು ಮಾರುವವರು ಬರೆದಿದ್ದಾರೆ. 2018ರ ಮೇ ತಿಂಗಳಿಂದ ಆ ವಿನಾಯಿತಿ ಇರುವುದು ನಿಜ, ಆದರೆ ಕಳೆದ 30 ವರ್ಷಗಳಲ್ಲಿ ಗಣನೀಯವಾಗಿ ಬದಲಾದ ಗಾಡಿಗೆ ಅದು ಅನ್ವಯಿಸುವುದಿಲ್ಲ. ನಾಲ್ಕು ಸಿಲಿಂಡರ್ ಇದ್ದಲ್ಲಿ ಎಂಟು ಬಂದಿರುವಾಗ ಆ ಮಾತನ್ನು ಹಾಗೇ ನಂಬಬೇಡ. ಕಾನೂನು ಬಿಟ್ಟರೂ ನೀನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಲೇಬೇಕೆಂಬುದು ನನ್ನ ಮಾತು. ಗಾಡಿಯ ನಂಬರ್ ಕೊಟ್ಟರೆ ಹಳೆಯ ಎಂಒಟಿ ಫಲಿತಾಂಶಗಳು ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ತುಕ್ಕಿನ ಬಗ್ಗೆ ಪರೀಕ್ಷಕರು ಹಿಂದೆ ಏನು ಬರೆದಿದ್ದರೆಂದು ಇವತ್ತೇ ತೆಗೆದು ಓದು.

ಮುಂದೆಂದಾದರೂ ಗಾಡಿಯನ್ನು ಊರಿಗೆ ತರುತ್ತೇನೆ ಎಂದಿದ್ದೀಯ. ಆ ಆಸೆಯನ್ನು ಈ ಲೆಕ್ಕದಲ್ಲಿ ಸೇರಿಸಬೇಡ. 2021ರಲ್ಲಿ ಬಂದ ವಿಂಟೇಜ್ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ ನಮ್ಮಲ್ಲಿ ಬೇರೆಯೇ ನೋಂದಣಿ ಇದೆ, ಆದರೆ ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿಸ್, ಬಾಡಿ, ಎಂಜಿನ್ ಬದಲಾಗಿರಬಾರದು. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಅಲ್ಲಿ ಹೆಮ್ಮೆಯಿಂದ ತೋರಿಸುವ ಆ ವಿ8 ಇಲ್ಲಿನ ಆರ್‌ಟಿಒ ಕಚೇರಿಯಲ್ಲಿ ತಕರಾರಾಗಿ ನಿಲ್ಲುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಮೂಲ ಎಂಜಿನ್ ಇರುವ ಎಂಜಿಬಿಯನ್ನೇ ಹುಡುಕು. ಅದರ 1798 ಸಿಸಿ ಎಂಜಿನ್ ಬಿಎಂಸಿ ಎಂಬ ಬ್ರಿಟಿಷ್ ಮೋಟಾರು ಕಂಪನಿಯ ಬಿ ಸೀರೀಸಿನದು. ಹಳೆಯ ಅಂಬಾಸಡರಿನ 1489 ಸಿಸಿಯದ್ದೂ ಅದೇ ವಂಶ. ಪಿ.ಬಿ. ರಸ್ತೆಯ ಗ್ಯಾರೇಜಿನಲ್ಲಿ ಮಾವ ಜೀವನವಿಡೀ ಬಿಚ್ಚಿ ಜೋಡಿಸಿದ್ದು ಅದನ್ನೇ. ಎಂಜಿನ್ನಿಗೆ ಗಾಳಿ ಪೆಟ್ರೋಲು ಬೆರೆಸಿ ಕೊಡುವ ಎಸ್‌ಯು ಕಾರ್ಬ್ಯುರೇಟರಿನ ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಟ್ಟು, ಅದು ಕೆಳಗೆ ಕೂರುವ ಸದ್ದಿನಿಂದಲೇ ಒಳಗಿನ ಸ್ಥಿತಿ ಹೇಳುವುದನ್ನು ನಿನಗೂ ಕಲಿಸಿದ್ದಾರೆ. ಸೀಸವಿಲ್ಲದ ಪೆಟ್ರೋಲಿಗೆ ತಕ್ಕ ಗಟ್ಟಿ ವಾಲ್ವ್ ಸೀಟು, ಎಲೆಕ್ಟ್ರಾನಿಕ್ ಇಗ್ನಿಷನ್, ಎಥೆನಾಲ್ ತಡೆಯುವ ರಬ್ಬರ್ ಹೋಸ್ ಇಂಥ ಮಾರ್ಪಾಡುಗಳಿಗೆ ನನ್ನ ಅಡ್ಡಿಯಿಲ್ಲ. ಅವು ಗಾಡಿಯನ್ನು ಇಂದಿನ ರಸ್ತೆಗೆ ಹೊಂದಿಸುತ್ತವೆ. ಇಷ್ಟು ಓದಿದ ಮೇಲೂ ಆ ವಿ8ನ ಮೇಲೇ ನಿನ್ನ ಮನಸ್ಸಿದ್ದರೆ, ಮಾರುವವರಿಗೆ ಸಂಬಂಧವಿಲ್ಲದ ಗ್ಯಾರೇಜಿನಲ್ಲಿ ಲಿಫ್ಟಿಗೆ ಏರಿಸಿ ನೋಡಿಸು, ವರದಿಯನ್ನು ಬರವಣಿಗೆಯಲ್ಲೇ ತೆಗೆದುಕೋ. ಅಲ್ಲಿಯವರೆಗೆ ಅಡ್ವಾನ್ಸ್ ಎಂದು ಒಂದು ಪೌಂಡನ್ನೂ ಕೊಡಬೇಡ. ಸಿಲ್ಲಿನ ಕೆಳಭಾಗದ ಫೋಟೋಗಳನ್ನು ಬೆಳಕು ಸರಿಯಾಗಿ ಬೀಳುವಂತೆ ತೆಗೆದು ಮಾವನಿಗೆ ಕಳುಹಿಸು. ನಿನ್ನ ಮಧ್ಯಾಹ್ನದ ಊಟದ ಹೊತ್ತಿಗೆ ಫೋನ್ ಮಾಡಿದರೆ ಅವರು ಇನ್ನೂ ಗ್ಯಾರೇಜಿನಲ್ಲೇ ಇರುತ್ತಾರೆ.

ಇಂತಿ,
ನಿನ್ನ ಅಮ್ಮ