ಠೇವಣಿ ಬೆಳೆಯಿತು, ಬದುಕು?

ಮಾನ್ಯರೇ,

ದಿನವೂ ಚೂರುಪಾರು ಕಟ್ಟುವ ಪಿಗ್ಮಿ ಠೇವಣಿ 1928ರಲ್ಲಿ ಶುರುವಾದದ್ದು ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯಿಂದ. ಉಳಿಸುವುದನ್ನು ನಮ್ಮ ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಎಪ್ಪತ್ತು ದಾಟಿದ ಎಷ್ಟೋ ಮಂದಿಯ ಕಪಾಟಿನಲ್ಲಿ, ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಠೇವಣಿ ರಸೀದಿಗಳಿವೆ. ಅವರೇ ಮಂಡಿನೋವು ಸಹಿಸಿಕೊಂಡು ಬಾವಿಯಿಂದ ನೀರು ಸೇದುತ್ತಿದ್ದಾರೆ. ಇದು ನೋವಿನ ಸಂಗತಿ.

ಎಡವುವುದು ಅರ್ಜಿಯಲ್ಲೇ. 'ಬಡ್ಡಿ ಸಮೇತ ತಾನಾಗಿ ನವೀಕರಣ' ಎಂದು ಗುರುತು ಹಾಕಿದರೆ ಬಡ್ಡಿ ಅಸಲಿಗೇ ಸೇರುತ್ತದೆ, ಕೈಗೆ ಬರುವುದೇ ಇಲ್ಲ. ಮುಂದಿನ ನವೀಕರಣದ ದಿನ ಶಾಖೆಗೆ ಹೋಗಿ, ಮೂರು ತಿಂಗಳಿಗೊಮ್ಮೆ ಬಡ್ಡಿ ಪಾವತಿ ಎಂದು ಬದಲಾಯಿಸಿಕೊಳ್ಳಿ. ಶೇ. 7ರ ಲೆಕ್ಕದಲ್ಲಿ 10 ಲಕ್ಷಕ್ಕೆ ಪ್ರತಿ ಬಾರಿ 17,500 ರೂಪಾಯಿ. ಅದು ಪಿಂಚಣಿ ಬರುವ ಖಾತೆಗೆ ಬೀಳಬಾರದು. ಅಲ್ಲಿ ಬೆರೆತು ಮತ್ತೆ ಠೇವಣಿಯಾಗಿಬಿಡುತ್ತದೆ. ಬೇರೆಯೇ ಉಳಿತಾಯ ಖಾತೆ ಇರಲಿ. ಆಸ್ಪತ್ರೆ ಖರ್ಚಿಗೆಂದು ಇಟ್ಟದ್ದನ್ನು ಮಾತ್ರ ಮುಟ್ಟಬೇಡಿ.

ಆ ಬಡ್ಡಿಯಲ್ಲಿ ಮೊದಲು ಬಾವಿಗೊಂದು ಪಂಪು ಹಾಕಿಸಿ. ಆಮೇಲೆ ರಿಕ್ಷಾ! ದೀಪಾವಳಿ ಕಳೆದು, ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ ಊರೂರಲ್ಲಿ ಯಕ್ಷಗಾನ. ಭಕ್ತರು ಹರಕೆ ತೀರಿಸಲು ಆಡಿಸುವ ಆಟಕ್ಕೆ ಟಿಕೆಟ್ ಇಲ್ಲ. ಹಿರಿಯರು ಮನೆಯಲ್ಲೇ ಉಳಿಯುವುದು ಆಟ ಮುಗಿಯುವ ಹೊತ್ತಿಗೆ ಬಸ್ಸಿಲ್ಲವೆಂದು. ಗುರುತಿನ ರಿಕ್ಷಾದವರ ಹತ್ತಿರ ಹೋಗಿಬರುವ ಬಾಡಿಗೆ, ಕಾಯುವ ಬಾಬ್ತು ಮೊದಲೇ ಮಾತಾಡಿಕೊಳ್ಳಿ. ನೆರೆಮನೆಯವರನ್ನೂ ಕರೆದುಕೊಂಡು ಹೋಗಿ. ಕಲಾವಿದರು ವೇಷ ಕಟ್ಟುವ ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ನೋಡಬೇಕಾದರೆ ಆಟ ಶುರುವಾಗುವ ಮುಂಚೆಯೇ ತಲುಪಬೇಕು.

– ನಿವೃತ್ತ ಬ್ಯಾಂಕ್ ನೌಕರರು, ಉಡುಪಿ