ಜೋಳದ ತೆನೆಗೆ ಉಗುರು ಚುಚ್ಚೋರಿಗೆ ಒಂದು ಮಾತು

ಮಾನ್ಯ ಸಂಪಾದಕರೇ,

ನಾನು ದೊಡ್ಡಬಳ್ಳಾಪುರ ಕಡೆಯವನು, ಒಂದೆಕ್ರೆ ಸ್ವೀಟ್ ಕಾರ್ನ್ ಹಾಕಿದೀನಿ, ಶನಿವಾರ ಭಾನುವಾರ ನಂದಿಬೆಟ್ಟಕ್ಕೆ ಹೋಗೋ ರೋಡಲ್ಲಿ ನಾನೇ ಕೂತು ಮಾರ್ತೀನಿ. ಕಾರಿಂದ ಇಳಿದೋರು ಮೊದ್ಲು ತೆನೆ ಅರ್ಧ ಸುಲೀತಾರೆ, ಹೆಬ್ಬೆರಳ ಉಗುರು ಕಾಳಿಗೆ ಚುಚ್ತಾರೆ, ಹಾಲು ಚಿಮ್ಮಿ ಮುಖಕ್ಕೆ ಹಾರಿದ್ರೂ ಅದನ್ನ ಬಿಟ್ಟು ಪಕ್ಕದ್ದಕ್ಕೆ ಕೈ ಹಾಕ್ತಾರೆ. ಮೊನ್ನೆ ಸಂಜೆ ಉಳಿದ ಒಂದು ತೆನೇಲಿ ಲೆಕ್ಕ ಹಾಕಿದೆ, ಒಂಬತ್ತು ಉಗುರಿನ ಗುರುತು!

ಉಗುರು ಸುಳ್ಳು ಹೇಳುತ್ತೆ ಅಂತಲ್ಲ, ಹೊಲದಲ್ಲಿ ನಾನೂ ಅದನ್ನೇ ಮಾಡೋದು. ಬರೀ ನೀರು ಬಂದ್ರೆ ಎಳಸು, ಹಾಲು ಬಂದ್ರೆ ಹದ, ಮೊಸರಿನಂಗೆ ಬಂದ್ರೆ ಬಲಿತಿದೆ. ಲ್ಯಾಬಲ್ಲೂ ಮಷೀನಿಗೆ ಸೂಜಿ ಹಾಕಿ ಕಾಳಿನ ಸಿಪ್ಪೆ ತೂತಾಗೋಕೆ ಎಷ್ಟು ಬಲ ಬೇಕು ಅಂತ ಅಳೀತಾರಂತೆ, ಅಲ್ಲಿಗೆ ನಮ್ಮ ಉಗುರೂ ಅದೂ ಒಂದೇ. ಹದದ ಕಾಳಲ್ಲಿ 70-75 ಪರ್ಸೆಂಟ್ ನೀರೇ ಇರುತ್ತೆ, ಆಮೇಲೆ ದಿನಾ ಒಂದಿಷ್ಟು ನೀರು ಇಳಿದು ಒಳಗೆ ಹಿಟ್ಟು ಕಟ್ಟುತ್ತೆ, ಸಿಪ್ಪೆನೂ ಬಿಗಿಯಾಗುತ್ತೆ. ಪಾಪ್‌ಕಾರ್ನ್ ಕಾಳಿನ ಸಿಪ್ಪೆ ಸುಮಾರು 180 ಡಿಗ್ರಿ ತನಕ ಒಳಗಿನ ಆವಿನ ತಡ್ಕೊಂಡು ಆಮೇಲೆ ಸಿಡಿಯುತ್ತೆ, ಅಂಥ ಸಿಪ್ಪೆ ಸ್ವೀಟ್ ಕಾರ್ನಿಗಿದ್ರೆ ಯಾರು ತಿಂತಾರೆ ಹೇಳಿ, ಹಲ್ಲು ಸಂದಿಯಿಂದ ಸಿಪ್ಪೆ ತೆಗೆಯೋದೇ ಕೆಲ್ಸ. ಇದರ ಸಿಪ್ಪೆ ತೆಳು, ಅದಕ್ಕೇ ಒಂದು ತೂತಾದ್ರೆ ರಸ ಸೋರಿ ನೊಣ ಕೂತು ಸಂಜೆಗೆ ಕಾಳು ಕಂದು ಬಣ್ಣಕ್ಕೆ ತಿರುಗಿ ಕುಗ್ಗಿರುತ್ತೆ.

ಇನ್ನು ಗಟ್ಟಿ ಕಾಳು ಸಿಕ್ರೆ 'ಎಲ್ಲಾ ಹೈಬ್ರಿಡ್ ಸ್ವಾಮಿ' ಅಂತ ನಮಗೇ ಬೈತಾರೆ. ಸಿಹಿ ಜಾಸ್ತಿ ಇರೋ ಈಗಿನ ತಳಿಗಳಿಗೆ ದಾರಿ ತೋರಿಸಿದ್ದು 1950ರ ದಶಕದಲ್ಲಿ ಅಮೆರಿಕದ ಇಲಿನಾಯ್ ಯೂನಿವರ್ಸಿಟಿಯ ಜಾನ್ ಲಾಫ್ನನ್ ಅನ್ನೋರು. ಅದರ ಬಿತ್ತನೆ ಬೀಜ ಸುಕ್ಕುಸುಕ್ಕು, ಮೊದಲನೇ ಸಲ ಪ್ಯಾಕೆಟ್ ಒಡೆದಾಗ ಜೊಳ್ಳು ಕೊಟ್ಟಿದಾರೆ ಅಂತ ಅಂಗಡಿಗೆ ವಾಪಸ್ ಹೊರಟಿದ್ದೆ ನಾನು. ಗಟ್ಟಿ ಆಗೋದಕ್ಕೆ ಬೇರೆ ಕಾರಣ ಇದಾವೆ. ಪಕ್ಕದ ಹೊಲದ ಮುಸುಕಿನ ಜೋಳದ ಪರಾಗ ಗಾಳೀಲಿ ಬಂದು ಬಿದ್ರೆ ಅದೇ ತೆನೇಲೇ ಕಾಳು ಹಿಟ್ಟಾಗುತ್ತೆ, ಕಟಾವು ಮೂರ್ನಾಲ್ಕು ದಿನ ತಡ ಆದ್ರೂ ಅಷ್ಟೇ. ಹಳೇ ತಳಿಯಾದ್ರೆ 30 ಡಿಗ್ರಿ ಬಿಸಿಲಲ್ಲಿ ಒಂದೇ ದಿನಕ್ಕೆ ಅರ್ಧ ಸಿಹಿ ಹೋಗುತ್ತೆ, ಹಂಗಾಗಿ ತಗೊಂಡು ಕಾರ್ ಡಿಕ್ಕೀಲಿ ಊರೆಲ್ಲಾ ಸುತ್ತಿಸಿ ಮಾರನೇ ದಿನ ಬೇಯಿಸಿದ್ರೆ ಅದು ನನ್ ತಪ್ಪಾ?

ನೋಡೋಕೆ ಸುಲಿಯೋದೇ ಬೇಡ. ತುದಿಯ ಕೂದ್ಲು ಒಣಗಿ ಕಂದಾಗಿರ್ಬೇಕು, ಹೊರಗಿನ ಸಿಪ್ಪೆ ಹಸಿರಿರ್ಬೇಕು, ಮೇಲಿಂದಾನೇ ತುದಿ ಒತ್ತಿದ್ರೆ ಕಾಳು ತುಂಬಿ ದುಂಡಗೆ ಕೈಗೆ ಸಿಗ್ಬೇಕು, ಚೂಪಾಗಿದ್ರೆ ಇನ್ನೂ ಎಳಸು. ಇಷ್ಟನ್ನ ನಿಮ್ಮ ಪೇಪರಲ್ಲಿ ಹಾಕಿದ್ರೆ ನನ್ನಂಥೋರಿಗೆ ದಿನಕ್ಕೆ ಹತ್ತು ಹನ್ನೆರಡು ತೆನೆ ಉಳಿಯುತ್ತೆ. ಅಲ್ಲೀವರೆಗೂ ಗಾಡಿ ಮುಂದೆ ಒಂದು ತೆನೆ ಸುಲಿದು ಇಟ್ಟಿರ್ತೀನಿ, ಚುಚ್ಚಲೇಬೇಕು ಅನ್ನೋರು ಅದಕ್ಕೇ ಚುಚ್ಚಲಿ.

— ಒಬ್ಬ ಜೋಳ ಬೆಳೆಗಾರ, ದೊಡ್ಡಬಳ್ಳಾಪುರ ತಾಲ್ಲೂಕು